ಮೂಕಜೀವಿಗಳ ಪರ ನಿಂತ ರಿಚರ್ಡ್ ಮಾರ್ಟಿನ್

ಪ್ರಾಣಿದಯೆಯನ್ನು ಧರ್ಮವೆಂದು ಬೋಧಿಸಿದವರು ಎಲ್ಲ ನಾಡುಗಳಲ್ಲಿಯೂ ಬಹು ಹಿಂದಿನಿಂದಲೇ ಇದ್ದರು. ಆದರೆ ತನ್ನದೇ ಎತ್ತನ್ನು, ತನ್ನದೇ ಕುದುರೆಯನ್ನು ಕ್ರೂರವಾಗಿ ಹೊಡೆದವನೂ ಅಪರಾಧಿಯೆಂದು ಬ್ರಿಟಿಷ್ ಸಂಸತ್ತು ಕಾಯಿದೆಯ ಮೂಲಕ ಸಾರಿದ್ದು 1822ರಲ್ಲಿ. ಆ ಕಾಯಿದೆಯನ್ನು ನಗೆಪಾಟಲಿನ ನಡುವೆಯೂ ಬಿಡದೆ ಸಾಧಿಸಿದವನು ಐರ್ಲೆಂಡಿನ ರಿಚರ್ಡ್ ಮಾರ್ಟಿನ್.

ಮಾರ್ಟಿನ್ ಜನಿಸಿದ್ದು 1754ರ ಜನವರಿಯಲ್ಲಿ, ಗಾಲ್ವೇ ಪ್ರಾಂತದ ಹಳೆಯ ಕ್ಯಾಥೊಲಿಕ್ ಜಮೀನ್ದಾರಿ ಮನೆತನದಲ್ಲಿ. ಕ್ಯಾಥೊಲಿಕರಿಗೆ ಆಗ ಸಂಸತ್ತಿನ ಬಾಗಿಲು ಮುಚ್ಚಿತ್ತು. ಮಗನಿಗೆ ಆ ಬಾಗಿಲು ತೆರೆಯಲೆಂದು ತಂದೆ ಅವನನ್ನು ಪ್ರಾಟೆಸ್ಟಂಟ್ ಪಂಥದಲ್ಲಿ ಬೆಳೆಸಿದನು. ಹ್ಯಾರೊ ಶಾಲೆಗೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೂ ಕಳುಹಿಸಿದನು. 1776ರಲ್ಲಿ ಮಾರ್ಟಿನ್ ಐರ್ಲೆಂಡಿನ ಸಂಸತ್ತನ್ನು ಪ್ರವೇಶಿಸಿದನು. 1801ರಲ್ಲಿ ಐರ್ಲೆಂಡು ಬ್ರಿಟನ್ನಿನೊಡನೆ ಒಂದಾದ ಮೇಲೆ ಗಾಲ್ವೇಯ ಪ್ರತಿನಿಧಿಯಾಗಿ ಲಂಡನ್ನಿನ ಸಭೆಯಲ್ಲಿ ಕುಳಿತನು. ತನಗೆ ದೊರೆತ ಹಕ್ಕು ತನ್ನ ಪೂರ್ವಿಕರ ಮತದವರಿಗೂ ದೊರೆಯಬೇಕೆಂದು ಅಲ್ಲಿ ಕೊನೆಯವರೆಗೂ ವಾದಿಸಿದನು.

ಮಾರ್ಟಿನ್ ಸೌಮ್ಯ ಸ್ವಭಾವದವನೇನೂ ಆಗಿರಲಿಲ್ಲ. ಮಾತಿಗೆ ಮಾತು ಬೆಳೆದರೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಲ್ಲುತ್ತಿದ್ದ ಕಾಲದ ಮನುಷ್ಯನೀತ. ಆ ಕಾಳಗಗಳಲ್ಲಿ ಒಂದಕ್ಕೆ ನಾಯಿಯೊಂದರ ಸಾವೇ ಮೂಲ. ಪಕ್ಕದ ಪ್ರಾಂತದ ಕುಖ್ಯಾತ ಪುಂಡನೂ ಜಮೀನ್ದಾರನೂ ಆಗಿದ್ದ ಜಾರ್ಜ್ ರಾಬರ್ಟ್ ಫಿಟ್ಜ್‌ಜೆರಾಲ್ಡ್, ಮಾರ್ಟಿನ್ನನ ಸ್ನೇಹಿತರ ಮನೆಯ ಬೇಟೆನಾಯಿಯನ್ನು ಗುಂಡಿಟ್ಟು ಕೊಂದಿದ್ದನು. ಮಾರ್ಟಿನ್ ಅದನ್ನು ಮರೆಯಲಿಲ್ಲ. ಮುಂದೆ ಅವನನ್ನು ಎದುರಿಸಿದಾಗ ಇಬ್ಬರೂ ಗಾಯಗೊಂಡರು. ಕಾನೆಮಾರಾದ ಗುಡ್ಡಗಾಡಿನಲ್ಲಿ ಅವನಿಗೆ ಸುಮಾರು 2 ಲಕ್ಷ ಎಕರೆ ಭೂಮಿಯಿತ್ತು. ಪ್ರಾಣಿಗಳನ್ನು ಹಿಂಸಿಸಿದ ಒಕ್ಕಲುಗಳನ್ನು ಅವನು ಅಲ್ಲಿನ ಸರೋವರದ ನಡುಗಡ್ಡೆಯ ಹಳೆಯ ಕೋಟೆಯಲ್ಲಿ ಕೂಡಿಹಾಕುತ್ತಿದ್ದನೆಂಬುದು ಆ ಸೀಮೆಯ ಜನ ಹೇಳುತ್ತ ಬಂದ ಮಾತು. ಜಮೀನ್ದಾರನ ಮರ್ಜಿಯಿಂದ ನಡೆಯುವ ಇಂಥ ದಂಡನೆಗೂ ದೇಶಕ್ಕೆಲ್ಲ ಅನ್ವಯವಾಗುವ ಕಾಯಿದೆಗೂ ಅಂತರ ಬಹಳ. ಆ ಅಂತರವನ್ನು ದಾಟಿದುದರಲ್ಲಿಯೇ ಅವನ ಹಿರಿಮೆಯಿದೆ.

ಅಂದಿನ ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ನಾಯಿಗಳನ್ನು ಛೂ ಬಿಡುವುದು ಜನಪ್ರಿಯ ವಿನೋದವಾಗಿತ್ತು. ಲಂಡನ್ನಿನ ಸ್ಮಿತ್‌ಫೀಲ್ಡ್ ದನದ ಪೇಟೆಗೆ ಜಾನುವಾರುಗಳನ್ನು ದೂರದಿಂದ ಬಡಿದು ಓಡಿಸಿಕೊಂಡು ಬರುತ್ತಿದ್ದರು. ಗೂಳಿಕಾಳಗವನ್ನು ತಡೆಯಲೆಂದು 1800ರಲ್ಲಿ ಬಂದ ಮಸೂದೆ ಸೋತಿತು. 1809ರಲ್ಲಿ ಲಾರ್ಡ್ ಎರ್ಸ್‌ಕಿನ್ ತಂದ ಮಸೂದೆ ಮೇಲ್ಮನೆಯನ್ನು ದಾಟಿ ಕೆಳಮನೆಯಲ್ಲಿ ಬಿದ್ದುಹೋಯಿತು. ಇಂಥ ಕ್ಷುಲ್ಲಕ ವಿಷಯ ಸಂಸತ್ತಿನ ಘನತೆಗೆ ತಕ್ಕುದಲ್ಲವೆಂಬುದು ವಿರೋಧಿಗಳ ಒಂದು ವಾದ. ಶ್ರೀಮಂತರ ಬೇಟೆಯನ್ನು ಮುಟ್ಟದೆ ಬಡವರ ವಿನೋದವನ್ನಷ್ಟೇ ಕಿತ್ತುಕೊಳ್ಳುವುದು ಅನ್ಯಾಯವೆಂಬುದು ಇನ್ನೊಂದು. ಈ ಎರಡನೆಯ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ.

1821ರಲ್ಲಿ ಮಾರ್ಟಿನ್ ಮಂಡಿಸಿದ ಮಸೂದೆಯ ಚರ್ಚೆಯಲ್ಲಿ ಕತ್ತೆಗಳ ಹೆಸರು ಬಂದೊಡನೆ ಸಭೆ ನಗೆಯಲ್ಲಿ ಮುಳುಗಿತು. ಇಂದು ಕತ್ತೆ, ನಾಳೆ ನಾಯಿ, ನಾಡಿದ್ದು ಬೆಕ್ಕಿಗೂ ಕಾಯಿದೆ ಬೇಕಾದೀತೆಂದು ಸದಸ್ಯರು ಗೇಲಿ ಮಾಡಿದರು. ಆ ಮಸೂದೆಗೆ ಮೇಲ್ಮನೆಯ ಒಪ್ಪಿಗೆ ದೊರೆಯಲಿಲ್ಲ. ಮಾರ್ಟಿನ್ ಮರುವರ್ಷವೇ ಮತ್ತೆ ಬಂದನು. 1822ರ ಜುಲೈ 22ರಂದು ಅವನ ಮಸೂದೆಗೆ ರಾಜಮುದ್ರೆ ಬಿದ್ದಿತು. ಕುದುರೆ, ಹೇಸರಗತ್ತೆ, ಕತ್ತೆ, ಎತ್ತು, ಹಸು, ಕುರಿ ಮೊದಲಾದ ಜಾನುವಾರುಗಳನ್ನು ಕ್ರೂರವಾಗಿ ಹಿಂಸಿಸಿದವರಿಗೆ 10 ಷಿಲಿಂಗಿನಿಂದ 5 ಪೌಂಡಿನವರೆಗೆ ದಂಡ. ತೆರಲಾಗದವರಿಗೆ 3 ತಿಂಗಳವರೆಗೆ ಸೆರೆ. ನಾಯಿ, ಬೆಕ್ಕುಗಳು ಅದರಲ್ಲಿ ಸೇರಲಿಲ್ಲ. ಗೂಳಿಗೂ ಅದರ ರಕ್ಷಣೆ ದೊರೆಯಲಿಲ್ಲ.

ಕಾಯಿದೆಯೇನೋ ಬಂದಿತು, ಅದನ್ನು ಜಾರಿಗೊಳಿಸುವವರು ಯಾರು? ಲಂಡನ್ನಿಗೆ ಸಂಘಟಿತ ಪೊಲೀಸ್ ಪಡೆ ದೊರೆತದ್ದೇ 1829ರಲ್ಲಿ. ಆದುದರಿಂದ ಎಪ್ಪತ್ತರ ಹೊಸ್ತಿಲಲ್ಲಿದ್ದ ಮಾರ್ಟಿನ್ ತಾನೇ ಬೀದಿಗಿಳಿದು, ಪೇಟೆಯಲ್ಲಿ ಅಡ್ಡಾಡಿ, ಹಿಂಸಕರನ್ನು ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಿಸಿದನು. ಮೊಕದ್ದಮೆಯೊಂದರಲ್ಲಿ ಏಟು ತಿಂದ ಕತ್ತೆಯನ್ನೇ ನ್ಯಾಯಾಲಯಕ್ಕೆ ಕರೆತಂದು ಅದರ ಗಾಯಗಳನ್ನು ತೋರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಆ ದೃಶ್ಯದ ಚಿತ್ರವೂ ಪ್ರಚಾರಕ್ಕೆ ಬಂದಿತು. ದಂಡ ತೆರಲಾರದ ಬಡವರ ಪರವಾಗಿ ಕೆಲವೊಮ್ಮೆ ಅವನೇ ಹಣ ಕೊಟ್ಟುದೂ ಉಂಟು. ತಪ್ಪು ದಾಖಲಾಗಬೇಕು, ಆದರೆ ಬಡವನ ಮನೆ ಮುಳುಗಬಾರದು ಎಂಬುದೇ ಆ ನಡತೆಯ ಅರ್ಥ. ಅವನ ಸ್ನೇಹಿತನಾಗಿದ್ದ ನಾಲ್ಕನೆಯ ಜಾರ್ಜ್ ದೊರೆ ಅವನನ್ನು ಮಾನವೀಯತೆಯ ಡಿಕ್ ಎಂದು ಕರೆದನು. ಆ ಹೆಸರೇ ಉಳಿಯಿತು.

ಒಬ್ಬನ ಓಡಾಟದಿಂದ ಆಗುವ ಕೆಲಸ ಅದಾಗಿರಲಿಲ್ಲ. 1824ರ ಜೂನ್ 16ರಂದು ಲಂಡನ್ನಿನ ಕಾಫಿಗೃಹವೊಂದರಲ್ಲಿ ಪಾದ್ರಿ ಆರ್ಥರ್ ಬ್ರೂಮ್ ಕರೆದ ಸಭೆಯಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘ ಹುಟ್ಟಿತು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್ ಕೂಡ ಅದರಲ್ಲಿ ಸೇರಿದ್ದನು. ಸಂಘದ ಸಾಲಕ್ಕಾಗಿ ಬ್ರೂಮ್ ಸೆರೆಮನೆಯನ್ನೂ ಕಂಡನು. ಸ್ಥಾಪಕನೆಂಬ ಕೀರ್ತಿಯನ್ನು ಮಾರ್ಟಿನ್ ತಾನು ಸ್ವೀಕರಿಸದೆ ಬ್ರೂಮ್‌ಗೆ ಸಲ್ಲಿಸಿದನು.

ನಾಯಿಗಳಿಗೂ ಗೂಳಿಗಳಿಗೂ ರಕ್ಷಣೆ ಕೋರಿ ಅವನು ತಂದ ಮುಂದಿನ ಮಸೂದೆಗಳೆಲ್ಲ ಸೋತವು. 1826ರ ಚುನಾವಣೆಯಲ್ಲಿ ಅಕ್ರಮ ನಡೆದಿತ್ತೆಂಬ ದೂರಿನ ಮೇಲೆ ಮರುವರ್ಷ ಅವನ ಸದಸ್ಯತ್ವವೇ ಹೋಯಿತು. ಸಂಸತ್ ಸದಸ್ಯನನ್ನು ಸಾಲಕ್ಕಾಗಿ ಬಂಧಿಸುವಂತಿರಲಿಲ್ಲ. ಆ ರಕ್ಷೆ ಕಳಚಿದೊಡನೆ ಅಪಾರ ಭೂಮಿಯ ಒಡೆಯನು ಸಾಲಗಾರರಿಗೆ ಅಂಜಿ ಫ್ರಾನ್ಸಿನ ಬುಲೋನ್ ಪಟ್ಟಣಕ್ಕೆ ಹೊರಟುಹೋದನು. 1834ರ ಜನವರಿ 6ರಂದು ಅಲ್ಲಿಯೇ ಕಣ್ಣುಮುಚ್ಚಿದನು. ಮರುವರ್ಷದ ಕಾಯಿದೆ ಗೂಳಿಗಳನ್ನೂ ನಾಯಿಗಳನ್ನೂ ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅದನ್ನು ಕಾಣಲು ಅವನಿರಲಿಲ್ಲ.

ಈ ವಿಚಾರಧಾರೆ ಭಾರತಕ್ಕೂ ಹರಿಯಿತು. 1861ರಲ್ಲಿ ಕೋಲ್ಕತ್ತದಲ್ಲಿ ಇಂಥದೇ ಸಂಘ ಸ್ಥಾಪನೆಯಾಯಿತು. 1890ರ ಕಾಯಿದೆಯ ಸ್ಥಾನದಲ್ಲಿ 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಬಂದಿತು. ಗಡಿ ದಾಟಿ ಸಂತೆಗೆ ಹೋಗುವ ದನಗಳನ್ನು ಲಾರಿಯಲ್ಲಿ ಉಸಿರುಗಟ್ಟುವಂತೆ ತುಂಬುವುದು ಇಂದು ನಮ್ಮಲ್ಲಿ ಅಪರಾಧ. ಆದರೂ ಅದನ್ನು ಕಂಡು ದೂರು ಕೊಡಲು ಯಾರಾದರೂ ಮುಂದೆ ಬರಲೇಬೇಕು. ನಗುವವರ ನಡುವೆ ಹಾಗೆ ಮುಂದೆ ಬಂದವನು ಮಾರ್ಟಿನ್. ನಮ್ಮ ವಿದ್ಯಾರ್ಥಿಗಳು ಅವನ ಬದುಕನ್ನು ಅರಿಯಬೇಕಾದುದು ಈ ಕಾರಣಕ್ಕಾಗಿ.