ತ್ಯಾಗವೀರ ಶಿರಸಂಗಿ ಲಿಂಗರಾಜರು

ದಾನಿಗಳಿಗೆ ಕನ್ನಡ ನಾಡಿನಲ್ಲಿ ಎಂದೂ ಕೊರತೆ ಇರಲಿಲ್ಲ. ಕೆರೆ ಕಟ್ಟಿಸಿದವರು, ಅರವಟ್ಟಿಗೆ ಇರಿಸಿದವರು, ದೇವಾಲಯಕ್ಕೆ ಭೂಮಿ ಬಿಟ್ಟವರು ಊರೂರಿನ ಶಿಲಾಶಾಸನಗಳಲ್ಲಿ ಕಾಣಸಿಗುತ್ತಾರೆ. ಆದರೆ ತಮ್ಮ ಸಮಸ್ತ ಆಸ್ತಿಯನ್ನು ತಾವು ಕಂಡರಿಯದ, ಇನ್ನೂ ಹುಟ್ಟಿಯೇ ಇರದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ಹೋದವರು ವಿರಳ. ಅಂತಹವರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರು ಅಗ್ರಗಣ್ಯವಾದುದು. ಉತ್ತರ ಕರ್ನಾಟಕದ ಜನ ಅವರನ್ನು ತ್ಯಾಗವೀರರೆಂದು ಕರೆದು ಗೌರವಿಸುತ್ತಾರೆ.

ಲಿಂಗರಾಜರು ಹುಟ್ಟಿನಿಂದ ದೇಸಾಯಿಗಳಲ್ಲ. ಇಂದಿನ ಗದಗ ಜಿಲ್ಲೆಗೆ ಸೇರಿದ ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ 1861ರ ಜನವರಿ 10ರಂದು ಅವರು ಜನಿಸಿದರು. ಹೆತ್ತವರು ಇಟ್ಟ ಹೆಸರು ರಾಮಪ್ಪ. ಬೆಳಗಾವಿ ಜಿಲ್ಲೆಯ ಶಿರಸಂಗಿಯಲ್ಲಿ ಆಗ ಜಾಯಪ್ಪ ದೇಸಾಯಿಯವರು ದೇಸಗತಿಯ ಒಡೆಯರಾಗಿದ್ದರು. ದೇಸಗತಿ ಎಂದರೆ ಒಂದು ಸೀಮೆಯ ಕಂದಾಯ ಮತ್ತು ಆಡಳಿತದ ಹೊಣೆಯೊಡನೆ ವಂಶಪಾರಂಪರ್ಯವಾಗಿ ಬಂದ ಹಕ್ಕು. ನವಲಗುಂದದ ಕರಿಮಣ್ಣಿನ ಹೊಲಗಳೂ ಶಿರಸಂಗಿಯ ವಾಡೆಯೂ ಈ ಮನೆತನದ ವಶದಲ್ಲಿದ್ದವು. ಗಂಡುಮಕ್ಕಳಿಲ್ಲದ ಜಾಯಪ್ಪ ದೇಸಾಯಿಯವರು 1872ರಲ್ಲಿ ಹನ್ನೊಂದು ವರ್ಷದ ರಾಮಪ್ಪನನ್ನು ದತ್ತಕ ತೆಗೆದುಕೊಂಡು ಲಿಂಗರಾಜನೆಂದು ಕರೆದರು.

ಆ ಕಾಲದಲ್ಲಿ ದತ್ತಕ ಎಂಬುದು ಕೇವಲ ಒಂದು ಮನೆಯ ಶುಭಕಾರ್ಯವಾಗಿರಲಿಲ್ಲ. ಅದರ ಹಿಂದೆ ಆ ಸೀಮೆಯ ಜನ ಮರೆಯಲಾಗದ ರಕ್ತದ ಕಥೆಗಳಿದ್ದವು. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಅವನು ಸ್ವೀಕರಿಸಿದ್ದ ದತ್ತುಪುತ್ರನನ್ನು ಇಂಗ್ಲಿಷರು ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿರಿದದ್ದು ಆಗಲೇ. ಮೂವತ್ತನಾಲ್ಕು ವರ್ಷಗಳ ಅನಂತರ, ನವಲಗುಂದದ ನೆರೆಯ ನರಗುಂದದಲ್ಲಿ ಅದೇ ಅನ್ಯಾಯ ಮರುಕಳಿಸಿತು. ದತ್ತಕಕ್ಕೆ ಅನುಮತಿ ದೊರೆಯದೆ ನೊಂದ ಬಾಬಾಸಾಹೇಬ ಭಾವೆಯವರು 1858ರಲ್ಲಿ ಬಂಡೆದ್ದರು. ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಲಿಂಗರಾಜರು ಹುಟ್ಟಿದ್ದು ಇದಾದ ಮೂರು ವರ್ಷಗಳ ಮೇಲೆ. ಅಷ್ಟರಲ್ಲಿ ಆಡಳಿತ ಕಂಪನಿಯಿಂದ ಬ್ರಿಟಿಷ್ ರಾಣಿಯ ಕೈಗೆ ಹೋಗಿ ದತ್ತಕದ ವಿಷಯದಲ್ಲಿ ಸರಕಾರದ ಧೋರಣೆ ಸಡಿಲಗೊಂಡಿತ್ತು. ಆದರೂ ದತ್ತುಪುತ್ರನ ಹಾದಿ ಹೂವಿನ ಹಾಸಿಗೆಯಾಗಲಿಲ್ಲ. ತನ್ನ ಹಕ್ಕಿಗಾಗಿ ಅವನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಪರರ ಮನೆಗೆ ವಾರಸುದಾರನಾಗಿ ಬಂದು ಸೇರುವುದು ಎಷ್ಟು ಕಠಿಣವೆಂಬುದನ್ನು ಲಿಂಗರಾಜರು ಎಳೆಯ ವಯಸ್ಸಿನಲ್ಲಿಯೇ ಅರಿತರು.

ಅವರ ತಾರುಣ್ಯ ನಾಡಿನ ಪಾಲಿಗೆ ಸುಭಿಕ್ಷದ ಕಾಲವಾಗಿರಲಿಲ್ಲ. 1876ರಿಂದ 1878ರವರೆಗೆ ಬಂದೆರಗಿದ ಭೀಕರ ಕ್ಷಾಮ ಧಾರವಾಡ, ಬೆಳಗಾವಿ, ವಿಜಾಪುರ ಪ್ರಾಂತಗಳ ಹಳ್ಳಿಗಳನ್ನು ಬರಿದು ಮಾಡಿತು. ಶತಮಾನದ ಕೊನೆಯಲ್ಲಿ ಮತ್ತೆ ಬರಗಾಲ, ಅದರ ಬೆನ್ನಿಗೇ ಪ್ಲೇಗು. ಹೀಗೆ ಬಡವರ ಮಕ್ಕಳಿಗೆ ಅನ್ನವೇ ದುರ್ಲಭವಾಗಿದ್ದಾಗ ವಿದ್ಯೆಯ ಮಾತೆಲ್ಲಿ? ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಆಗ ಒಂದು ಕಾಲೇಜೂ ಇರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಉಚ್ಚ ಶಿಕ್ಷಣ ಬೇಕೆನ್ನುವವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅಲ್ಲಿ ಇರಲು ಮನೆಯಿಲ್ಲ, ಆಡಲು ತನ್ನ ಭಾಷೆಯಿಲ್ಲ, ಕೊಡಲು ಕೈಯಲ್ಲಿ ಹಣವಿಲ್ಲ. ಒಕ್ಕಲುತನದ ಮನೆಯ ಹುಡುಗ ಎಷ್ಟೇ ಜಾಣನಾಗಿದ್ದರೂ ಕನ್ನಡ ಶಾಲೆ ಮುಗಿಸಿ ನೇಗಿಲಿಗೆ ಮರಳುತ್ತಿದ್ದನು.

ಈ ಸ್ಥಿತಿಯನ್ನು ಕಂಡು ಮರುಗಿದವರು ಲಿಂಗರಾಜರೊಬ್ಬರೇ ಅಲ್ಲ. ಗಿಲಗಂಚಿ ಗುರುಸಿದ್ಧಪ್ಪನವರು ಮತ್ತು ಅರಟಾಳ ರುದ್ರಗೌಡರು ಮುಂದಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಮೈಸೂರು ಸೀಮೆಯಲ್ಲಿಯೂ ಇಂತಹ ಯತ್ನಗಳು ನಡೆದವು. ವ್ಯಾಪಾರದಿಂದ ಗಳಿಸಿದ್ದನ್ನೆಲ್ಲ ಧರ್ಮಕಾರ್ಯಕ್ಕೆ ಮೀಸಲಿಟ್ಟ ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಛತ್ರವನ್ನು ತೆರೆದರು. ನಮ್ಮ ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ಊಟ ವಸತಿಗಳನ್ನು ಕಲ್ಪಿಸಿದರು. ದೊಡ್ಡ ಹೆಸರುಗಳಷ್ಟೇ ಇತಿಹಾಸದಲ್ಲಿ ಉಳಿಯುತ್ತವೆ. ಇಂತಹ ನಿಲಯಗಳಿಗೆ ಸುಗ್ಗಿಯಲ್ಲಿ ಜೋಳದ ಚೀಲ ಕಳಿಸಿಕೊಟ್ಟ ಸಾಮಾನ್ಯ ರೈತರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

1904ರಲ್ಲಿ ಹಾನಗಲ್ಲಿನ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಸೇರಿತು. ಅದರ ಪ್ರಥಮ ಅಧಿವೇಶನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರು. ಆಗ ಅವರಿಗೆ ನಲವತ್ತಮೂರು ವರ್ಷ. ಐಶ್ವರ್ಯವಿತ್ತು, ಮನ್ನಣೆಯಿತ್ತು, ಆದರೆ ತಮ್ಮ ತರುವಾಯ ದೇಸಗತಿಯನ್ನು ವಹಿಸಿಕೊಳ್ಳಲು ಮಕ್ಕಳಿರಲಿಲ್ಲ.

ಮನೆತನದ ಪದ್ಧತಿಯಂತೆ ಅವರೂ ಒಬ್ಬ ಬಾಲಕನನ್ನು ದತ್ತಕ ಪಡೆಯಬಹುದಾಗಿತ್ತು. ಸ್ವತಃ ದತ್ತಕ ಬಂದವರಿಗೆ ಅದಕ್ಕಿಂತ ಸಹಜವಾದ ಮಾರ್ಗ ಬೇರೊಂದಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ತಮ್ಮ ಸಂಪತ್ತನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಮುಡಿಪಾಗಿಟ್ಟು ಮೃತ್ಯುಪತ್ರವನ್ನು ಬರೆದರು. ಒಬ್ಬ ರಾಮಪ್ಪನಿಗೆ ದೊರೆತ ಭಾಗ್ಯ ಹೆಸರಿಲ್ಲದ ಅನೇಕರಿಗೆ ಹಂಚಿಹೋಗುವಂತೆ ಆಯಿತು. 1906ರ ಆಗಸ್ಟ್ 23ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು.

ಆಸ್ತಿಯನ್ನು ಒಬ್ಬ ವ್ಯಕ್ತಿಗೆ ಬರೆಯುವುದು ಸುಲಭ; ಒಂದು ಉದ್ದೇಶಕ್ಕೆ ಬರೆಯುವುದು ಕಷ್ಟ. ವ್ಯಕ್ತಿಯಾದರೆ ಬಂದು ತನ್ನ ಪಾಲನ್ನು ಕೇಳುತ್ತಾನೆ. ಉದ್ದೇಶದ ಪರವಾಗಿ ಬಾಯಿ ತೆರೆಯುವವರಾರು? ಡೈನಮೈಟನ್ನು ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1895ರಲ್ಲಿ ತನ್ನ ಐಶ್ವರ್ಯದ ಬಹುಭಾಗವನ್ನು ಪಾರಿತೋಷಕಗಳಿಗೆಂದು ಬರೆದಿಟ್ಟಾಗ ಬಂಧುಗಳು ವಿರೋಧಿಸಿದರು. ಅವನು ತೀರಿಹೋದ ಮೇಲೆ ಮೊದಲ ಪಾರಿತೋಷಕ ನೀಡಲು 1901ರವರೆಗೆ ಕಾಯಬೇಕಾಯಿತು. ಶಿರಸಂಗಿಯಲ್ಲಿ ಕಾಯುವಿಕೆ ಇನ್ನೂ ದೀರ್ಘವಾಯಿತು. ಮೃತ್ಯುಪತ್ರದ ಬಗೆಗೆ ವ್ಯಾಜ್ಯಗಳೆದ್ದವು. ಕುಟುಂಬದವರ ದೃಷ್ಟಿಯಿಂದ ನೋಡಿದರೆ ಅವರ ಅಸಮಾಧಾನವೂ ಅರ್ಥವಾಗದುದಲ್ಲ. ವರ್ಷಗಳು ಉರುಳಿದವು. ಕೊನೆಗೆ ಲಿಂಗರಾಜರ ಇಚ್ಛೆಯೇ ಊರ್ಜಿತವಾಗಿ, ಆಸ್ತಿಯು ನವಲಗುಂದ-ಶಿರಸಂಗಿ ಟ್ರಸ್ಟಿನ ಸ್ವಾಧೀನಕ್ಕೆ ಬಂದಿತು.

ಇಂತಹ ನಿಧಿಯ ಸ್ವರೂಪವನ್ನು ಇಲ್ಲಿ ತಿಳಿಯುವುದು ಉಚಿತ. ಮೂಲಧನವನ್ನು ಮುಟ್ಟದೆ ಅದರ ಉತ್ಪನ್ನವನ್ನು ಮಾತ್ರ ವೆಚ್ಚ ಮಾಡುವುದು ಇದರ ತತ್ತ್ವ; ಹಣ್ಣನ್ನು ತಿಂದರೂ ಮರವನ್ನು ಕಡಿಯದಂತೆ. ನಿಧಿಯನ್ನು ನೋಡಿಕೊಳ್ಳುವ ವಿಶ್ವಸ್ತರು ಅದರ ಒಡೆಯರಲ್ಲ, ಕಾವಲುಗಾರರು. ಹೊಲಗಳಿಂದ ಬರುವ ಉತ್ಪನ್ನವಾದರೋ ಮಳೆಯನ್ನು ನಂಬಿದ್ದು. ಹತ್ತಿ ಜೋಳಗಳು ಕೈಕೊಟ್ಟ ವರ್ಷ ಕೊಡುಗೈಯೂ ಬಿಗಿಯಾಗಬೇಕು. ಬೇಡುವವರು ಹಲವರು, ಇರುವುದು ಮಿತವಾದ ಹಣ. ಒಬ್ಬ ಬಡ ವಿದ್ಯಾರ್ಥಿಗೆ ಕೊಟ್ಟರೆ ಅವನ ಮನೆಯಲ್ಲಿ ದೀಪ ಹೊತ್ತುತ್ತದೆ. ಅದೇ ಹಣವನ್ನು ಒಂದು ವಿದ್ಯಾಸಂಸ್ಥೆಗೆ ಕೊಟ್ಟರೆ ಫಲ ತಡವಾಗಿ ಬರುತ್ತದೆ, ಆದರೆ ಬಹುಕಾಲ ಬರುತ್ತದೆ. ಯಾವುದು ಮೇಲು ಎಂಬುದಕ್ಕೆ ಸಿದ್ಧವಾದ ಉತ್ತರವಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬವರು 1914ರಲ್ಲಿ ಊರಿನ ದಾನಿಗಳ ಹಣವನ್ನೆಲ್ಲ ಒಂದೆಡೆ ಕೂಡಿಸಿ, ಕಾಲಕಾಲದ ಅಗತ್ಯವನ್ನು ನೋಡಿ ಹಂಚುವ ಹೊಣೆಯನ್ನು ಸ್ಥಳೀಯರ ಒಂದು ಸಮಿತಿಗೆ ವಹಿಸಿದಾಗ ಅವರ ಮುಂದಿದ್ದುದೂ ಇದೇ ಪ್ರಶ್ನೆ.

ಶಿರಸಂಗಿಯ ನಿಧಿಗೆ ಯೋಗ್ಯವಾದ ಪಾತ್ರ ಬೆಳಗಾವಿಯಲ್ಲಿ ದೊರೆಯಿತು. ಅಲ್ಲಿ 1916ರ ನವೆಂಬರ್ 13ರಂದು ಏಳು ಮಂದಿ ಶಿಕ್ಷಕರು ಸೇರಿ ಒಂದು ಶಾಲೆಯನ್ನು ತೆರೆದಿದ್ದರು. ಅದೇ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಈ ಏಳು ಮಂದಿಯನ್ನು ಜನ ಸಪ್ತರ್ಷಿಗಳೆಂದು ಕರೆದರು. ಪದವಿ ಪಡೆದ ಅವರಿಗೆ ಸರಕಾರದ ದೊಡ್ಡ ನೌಕರಿಗಳು ದುರ್ಲಭವಾಗಿರಲಿಲ್ಲ. ಅವನ್ನು ಬದಿಗೊತ್ತಿ ಶಾಲೆಗೆ ದುಡಿದರು. ಅವರಲ್ಲಿ ಶ್ರಮವಿತ್ತು, ಶ್ರದ್ಧೆಯಿತ್ತು. ಕಾಲೇಜು ಕಟ್ಟುವಷ್ಟು ದ್ರವ್ಯ ಮಾತ್ರ ಇರಲಿಲ್ಲ. ದ್ರವ್ಯವಿದ್ದು ದುಡಿಯುವ ಕೈಗಳಿಗಾಗಿ ಕಾದಿದ್ದ ಟ್ರಸ್ಟು ಈ ಸಂಸ್ಥೆಗೆ ನೆರವಾಯಿತು. 1933ರ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಕಾಲೇಜು ಆರಂಭವಾಯಿತು. ಅದಕ್ಕೆ ಲಿಂಗರಾಜ ಕಾಲೇಜು ಎಂದು ಹೆಸರಿಟ್ಟರು.

ಲಿಂಗರಾಜರು ತಮ್ಮ ನಿಧಿಯನ್ನು ಒಂದು ಸಮಾಜದ ಮಕ್ಕಳಿಗಾಗಿ ಬರೆದರೆಂಬುದು ನಿಜ. ಆಯಾ ಸಮಾಜದವರೇ ತಮ್ಮವರ ವಿದ್ಯೆಯ ಭಾರವನ್ನು ಹೊರಬೇಕಾಗಿದ್ದ ಕಾಲ ಅದು. ಆದರೆ ಕಾಲೇಜಿನ ಬಾಗಿಲು ಅಷ್ಟಕ್ಕೇ ನಿಲ್ಲಲಿಲ್ಲ. ಎಲ್ಲ ಜಾತಿಮತಗಳ ಮಕ್ಕಳೂ ಅಲ್ಲಿ ಓದಿದ್ದಾರೆ, ಓದುತ್ತಿದ್ದಾರೆ. ಪ್ರತಿವರ್ಷ ಜನವರಿ 10ರಂದು ಸಂಸ್ಥೆಯವರು ಲಿಂಗರಾಜರ ಜಯಂತಿಯನ್ನು ಆಚರಿಸುತ್ತಾರೆ. 1933ರಲ್ಲಿ ಆ ಕಾಲೇಜಿನ ಮೊದಲ ತರಗತಿಯಲ್ಲಿ ಕುಳಿತ ತರುಣರಲ್ಲಿ ಬಹುತೇಕರು, ಶಿರಸಂಗಿಯ ದೇಸಾಯಿ ಕಣ್ಣುಮುಚ್ಚಿ ಅನೇಕ ವರ್ಷಗಳಾದ ಮೇಲೆ ಹುಟ್ಟಿದವರು.