ದೊಡ್ಡಪ್ಪನ ಪಿಸ್ತೂಲು ಮತ್ತು ಬರಿಗೈಲಿ ಹೋದ ಶ್ರೀನಿವಾಸ್

ನಮ್ಮೂರು ಹಂಗಳ. ಗುಂಡ್ಲುಪೇಟೆಯಿಂದ ಊಟಿಗೆ ಹೋಗೋ ರಸ್ತೆಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗಿಕೊಳ್ಳುವ ಊರು. ಸೂರ್ಯಕಾಂತಿ, ಚೆಂಡುಹೂವಿನ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಂಡವರಿಗೆಲ್ಲ ಗೊತ್ತಿರುತ್ತೆ. ಈ ಊರಿನ ನಮ್ಮ ಮನೆಯ ಬೀರುವಿನಲ್ಲಿ, ದೊಡ್ಡಪ್ಪನ ರೇಷ್ಮೆ ಪಂಚೆಯ ಕೆಳಗೆ, ಒಂದು ಹಳೇ ಪಿಸ್ತೂಲು ಇದೆ. ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು, .25 ಬೋರ್, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು. ತಾತ ಕೊಂಡದ್ದು. ನಾನು ಹುಟ್ಟಿದ ಮೇಲೆ ಅದರಿಂದ ಒಂದು ಗುಂಡೂ ಹಾರಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಜಮಾ ಆಗುತ್ತೆ, ಫಲಿತಾಂಶ ಬಂದ ಮೇಲೆ ಮತ್ತೆ ಪಂಚೆಯ ಕೆಳಗೆ ಬಂದು ಮಲಗುತ್ತೆ.

ಈ ವರ್ಷ ದೊಡ್ಡಪ್ಪನಿಗೆ 70 ತುಂಬಿತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ 70 ಆದರೆ, ಅವನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಬಹುದು. ದೊಡ್ಡಪ್ಪ ಕೇಳಿದ್ದು ನನ್ನ ಹೆಸರು. ಅಷ್ಟೇ ಅಲ್ಲ, ಈ ಹಳೇದನ್ನು ಲೈಸೆನ್ಸ್ ಇರುವ ಡೀಲರ್‌ಗೆ ಕೊಟ್ಟು, ಹೊಸದಾಗಿ .32 ಬೋರಿನ ಒಂದು ಪಿಸ್ತೂಲು ತಗೋ ಅಂತ ಅವರ ಒತ್ತಾಯ. ಶರ್ಟಿನ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಯಾರಿಗೂ ಕಾಣಬಾರದು, ಬೈಕಲ್ಲಿ ಹೋದರೂ ಚುಚ್ಚಬಾರದು, ಕೈಹಾಕಿದರೆ ತಕ್ಷಣ ಬರಬೇಕು. ಮೊಬೈಲಿನಲ್ಲಿ ಎರಡು ಮೂರು ಮಾದರಿ ತೋರಿಸಿ, ತೂಕ ಎಷ್ಟು, ಉದ್ದ ಎಷ್ಟು ಅಂತ ಅಳೆದೂ ಹೇಳಿದರು. ಹಳೇದಕ್ಕೆ ಗುಂಡು ಸಿಗೋದೇ ಕಷ್ಟ, ಸ್ಪ್ರಿಂಗ್ ಸೋತಿದೆ, ಬೇಕಾದ ಹೊತ್ತಿಗೆ ಕೈಕೊಡುತ್ತೆ ಅನ್ನೋದು ಅವರ ವಾದ. ಆ ಮಾತು ಸುಳ್ಳೇನಲ್ಲ.

ಕಾರಣ ನಾನೇ. ನಮ್ಮ ಕಡೆಯ ಒಂದು ಕಲ್ಲು ಕ್ವಾರಿಯ ಬಗ್ಗೆ ಬರೆದ ಮೇಲೆ ನನಗೆ ಫೋನುಗಳು ಬರತೊಡಗಿದವು. ಒಂದು ರಾತ್ರಿ ನಂಬರ್ ಪ್ಲೇಟ್ ಇಲ್ಲದ ಬೈಕೊಂದು ಬೇಗೂರಿನಿಂದ ಗುಂಡ್ಲುಪೇಟೆವರೆಗೆ ಹಿಂದೆ ಬಂತು. ಮನೆಯಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ. ಅಂದಿನಿಂದ ದೊಡ್ಡಪ್ಪನಿಗೆ ನಿದ್ದೆ ಇಲ್ಲ.

ನಿಜ ಹೇಳ್ತೀನಿ, ಆಸೆ ಆಯಿತು. ಹೆದರಿದವನಿಗೆ ಸೊಂಟದಲ್ಲಿ ಅರ್ಧ ಕೆಜಿ ಕಬ್ಬಿಣ ಇದೆ ಅನ್ನೋದೇ ಒಂದು ಧೈರ್ಯ. ಅರ್ಜಿಯ ಮುಂದೆ ಕೂತಾಗ ಮಾತ್ರ ನಮ್ಮ ಜಿಲ್ಲೆಯ ಕಾಡಿನಲ್ಲೇ ಸತ್ತ ಒಬ್ಬ ಮನುಷ್ಯ ನೆನಪಾದರು. ನಿಮ್ಮಲ್ಲಿ ಹೆಚ್ಚಿನವರು 2023ರಲ್ಲಿ ಬಂದ ಡಾಕ್ಯುಮೆಂಟರಿ ಸರಣಿ ನೋಡಿ ವೀರಪ್ಪನ್ ಬಗ್ಗೆ ತಿಳಿದುಕೊಂಡಿದ್ದೀರಿ. ಮೀಸೆ ಎಲ್ಲರಿಗೂ ಗೊತ್ತು. ಆದರೆ ಪಿ. ಶ್ರೀನಿವಾಸ್ ಎಷ್ಟು ಜನಕ್ಕೆ ಗೊತ್ತು?

ಶ್ರೀನಿವಾಸ್ ಹುಟ್ಟಿದ್ದು 1954ರಲ್ಲಿ, ಆಂಧ್ರದ ರಾಜಮಹೇಂದ್ರಿಯಲ್ಲಿ. ವೀರಪ್ಪನ್ ಹುಟ್ಟಿದ್ದು 1952ರಲ್ಲಿ, ಕಾವೇರಿ ದಂಡೆಗೆ ಹತ್ತಿರದ ಗೋಪಿನಾಥಂನಲ್ಲಿ. ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಬ್ಬ ಗೋದಾವರಿ ತೀರದಲ್ಲಿ ಓದಿ, 1979ರ ತಂಡದಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದ. ಇನ್ನೊಬ್ಬ ಓದಲಿಲ್ಲ, ಕಾಡನ್ನು ಓದಿಕೊಂಡ. ಆನೆ ದಂತ, ಆಮೇಲೆ ಗಂಧ. ಇಬ್ಬರೂ ಎದುರುಬದುರಾಗುವುದು ಚಾಮರಾಜನಗರದ ಅರಣ್ಯ ವಿಭಾಗದಲ್ಲಿ. ಆಗ ಇದೆಲ್ಲ ಮೈಸೂರು ಜಿಲ್ಲೆ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

1986ರಲ್ಲಿ ವೀರಪ್ಪನ್ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ. ಅವನನ್ನು ತಂದು ನಮ್ಮ ಕಡೆಯ ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಇಟ್ಟರು. ಅಲ್ಲಿಂದ ಅವನು ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ ಅನ್ನೋದಕ್ಕೆ ನಮ್ಮ ಕಡೆ ಹತ್ತು ಕತೆಗಳಿವೆ, ಅದರಲ್ಲಿ ಒಂದೂ ಇಲಾಖೆಗೆ ಮರ್ಯಾದೆ ತರುವಂಥದ್ದಲ್ಲ. ಶ್ರೀನಿವಾಸ್ ಆ ದಿನಗಳಲ್ಲಿ ಇಲ್ಲಿನ ಅಧಿಕಾರಿ. ಕೈಗೆ ಬಂದವನು ಕೈಜಾರಿದ್ದು ಅವರನ್ನು ಕೊನೆವರೆಗೂ ಬಿಡಲಿಲ್ಲ ಅಂತಲೇ ಅವರನ್ನು ಬಲ್ಲವರು ಹೇಳೋದು. ನಡುವೆ ಚಿಕ್ಕಮಗಳೂರಿಗೆ ವರ್ಗವಾಗಿ ಹೋದರು. 1990ರಲ್ಲಿ ವೀರಪ್ಪನ್ ಹಿಡಿಯಲೆಂದೇ ವಿಶೇಷ ಕಾರ್ಯಪಡೆ ಆದಾಗ ಅದರೊಳಗೆ ಬಂದರು.

ಇಲ್ಲಿಂದ ಮುಂದಿನ ಒಂದೂವರೆ ವರ್ಷದ ಕತೆ ನನಗೆ ಮುಖ್ಯ. ಕಾರ್ಯಪಡೆ ಅಂದರೆ ಬಂದೂಕು, ಜೀಪು, ಕೂಂಬಿಂಗ್. ಶ್ರೀನಿವಾಸ್‌ಗೂ ಅದೆಲ್ಲ ಗೊತ್ತಿತ್ತು, ಕಳ್ಳರನ್ನು ಬೆನ್ನಟ್ಟಿ ಹಿಡಿದವರೇ. ಆದರೆ ಅವರು ಹೋಗಿ ಕೂತದ್ದು ವೀರಪ್ಪನ್‌ನ ಸ್ವಂತ ಊರಿನಲ್ಲಿ. ಗೋಪಿನಾಥಂನಲ್ಲಿ ಔಷಧಿ ಸಿಗುವ ಹಾಗೆ ಮಾಡಿದರು. ಕಾಯಿಲೆಯವರನ್ನು ತಮ್ಮ ಜೀಪಲ್ಲೇ ಆಸ್ಪತ್ರೆಗೆ ಸಾಗಿಸಿದರು. ಊರಿಗೆ ಮನೆ, ನೀರು, ರಸ್ತೆ ಅಂತ ಕಚೇರಿಗಳಿಗೆ ಅಲೆದರು. ಊರಿನ ಮಾರಿಯಮ್ಮನ ಗುಡಿಯನ್ನು ಸ್ವಂತ ದುಡ್ಡೂ ಹಾಕಿ ಕಟ್ಟಿಸಿದರು.

ಯಾಕೆ ಹೀಗೆ ಮಾಡಿದರು ಅಂತ ಯೋಚಿಸಿದರೆ ಅದರಲ್ಲಿ ಬರೀ ಒಳ್ಳೇತನ ಕಾಣಲ್ಲ, ಲೆಕ್ಕಾಚಾರವೂ ಕಾಣುತ್ತೆ. ವೀರಪ್ಪನ್‌ಗೆ ಅಕ್ಕಿ ಕೊಡೋದು ಯಾರು? ಪೊಲೀಸ್ ಬಂದರೆ ಸುದ್ದಿ ಮುಟ್ಟಿಸೋದು ಯಾರು? ಮರ ಕಡಿಯೋ ಕೂಲಿ ಯಾರು? ಅದೇ ಹಳ್ಳಿಗಳ ಬಡವರು. ಸರ್ಕಾರ ಅನ್ನೋದು ಆ ಊರಿಗೆ ಲಾಠಿಯ ರೂಪದಲ್ಲಿ ಮಾತ್ರ ಬರುತ್ತಿತ್ತು. ಕೂಲಿ ಕೊಡುತ್ತಿದ್ದವನು ಕಳ್ಳ. ಈ ಲೆಕ್ಕ ಬದಲಾಗದೆ ಕಾಡಿನಲ್ಲಿ ಎಷ್ಟು ಬೂಟು ಓಡಾಡಿದರೂ ಪ್ರಯೋಜನ ಇಲ್ಲ ಅನ್ನೋದನ್ನು ಶ್ರೀನಿವಾಸ್ ಅರ್ಥ ಮಾಡಿಕೊಂಡಿದ್ದರು. ತಂಡದ ಕೆಲವರು ಶರಣಾಗುವ ಮಾತಿಗೆ ಬಂದದ್ದು ಈ ದಾರಿಯಿಂದಲೇ. ವೀರಪ್ಪನ್ ಹೆದರಿದ್ದೂ ಇದಕ್ಕೇ ಇರಬೇಕು. ಬಂದೂಕಿಗೆ ಬಂದೂಕು ತೋರಿಸಬಹುದು. ಊರಿನವರೇ ಕೈತಪ್ಪಿ ಹೋದರೆ ಏನು ತೋರಿಸೋದು?

1991ರ ನವೆಂಬರ್‌ನಲ್ಲಿ ವೀರಪ್ಪನ್ ತಮ್ಮ ಅರ್ಜುನನ ಮೂಲಕ ಸುದ್ದಿ ಬಂತು. ಶರಣಾಗುತ್ತಾನೆ, ಆದರೆ ಶ್ರೀನಿವಾಸ್ ಆಯುಧ ಇಲ್ಲದೆ ಬರಬೇಕು. ನವೆಂಬರ್ 10ರಂದು ಅವರು ಬರಿಗೈಲಿ ಕಾಡಿನ ಹಾದಿ ಹಿಡಿದರು. ಜೊತೆಗೆ ಅರ್ಜುನನೂ ಇದ್ದ. ಎರಕೆಯಂ ಹತ್ತಿರ, ಮರೆಯಲ್ಲಿ ಕಾಯುತ್ತಿದ್ದ ವೀರಪ್ಪನ್ ಗುಂಡು ಹಾರಿಸಿದ. ಆಮೇಲೆ ತಲೆ ಕಡಿದು ಒಯ್ದರು. ಆ ತಲೆ ಸಿಗಲು ವರ್ಷಗಳೇ ಹಿಡಿದವು. ಶ್ರೀನಿವಾಸ್‌ಗೆ ಆಗ ಇನ್ನೂ 37. ಮುಂದಿನ ಗಣರಾಜ್ಯೋತ್ಸವಕ್ಕೆ ಕೀರ್ತಿಚಕ್ರ ಬಂತು, ತಗೊಳ್ಳೋಕೆ ಅವರಿರಲಿಲ್ಲ.

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು ಕೊಟ್ಟ ಉತ್ತರ ನೀವು ಊಹಿಸಬಹುದು. ನೋಡಪ್ಪ, ಅದಕ್ಕೇ ತಾನೇ ನಾನು ಹೇಳ್ತಿರೋದು, ಸೊಂಟದಲ್ಲಿ ಒಂದು ಸಣ್ಣ ಪಿಸ್ತೂಲು ಬಚ್ಚಿಟ್ಟುಕೊಂಡು ಹೋಗಿದ್ದರೆ ಆ ಪುಣ್ಯಾತ್ಮ ಬದುಕುತ್ತಿದ್ದರು ಅಂದರು. ಬಹಳ ಜನ ಹೀಗೇ ಯೋಚಿಸುತ್ತಾರೆ. ನಾನೂ ಎರಡು ರಾತ್ರಿ ಯೋಚಿಸಿದೆ.

ನನಗೆ ಹಾಗನ್ನಿಸಲ್ಲ. ಮರೆಯಲ್ಲಿ ಕೂತು ಗುರಿ ಹಿಡಿದವನು ನೀವು ಕೈಹಾಕಲಿ ಅಂತ ಕಾಯಲ್ಲ. ಇದಕ್ಕೆ ಸಾಕ್ಷಿ ಮುಂದಿನ ವರ್ಷದ ಲೆಕ್ಕವೇ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿತು. ಐವರು ಪೊಲೀಸರನ್ನು ಕೊಂದು ಅಲ್ಲಿದ್ದ ಬಂದೂಕುಗಳನ್ನು ಹೊತ್ತುಕೊಂಡು ಹೋದರು. ಅದೇ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಪೊಲೀಸರು ಹೊಂಚುದಾಳಿಗೆ ಬಲಿಯಾದರು. ಅವರು ಬರಿಗೈಲಿ ಹೋಗಿರಲಿಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್‌ನಲ್ಲಿ ನೆಲಬಾಂಬ್ ಸಿಡಿದು 22 ಜನ ಸತ್ತರು. ನಾಡಬಂದೂಕಿನಿಂದ ಶುರು ಮಾಡಿದವನ ಕೈಗೆ ಪೊಲೀಸರ ಬಂದೂಕುಗಳೇ ಸೇರಿದವು. ಇವರು ಹೊಸದು ತಂದರೆ ಅವನೂ ಹೊಸದು ತಂದ.

ಇನ್ನೊಂದು ವಿಷಯವನ್ನು ನಾವು ಮರೆಯಬಾರದು. ಶ್ರೀನಿವಾಸ್ ಸತ್ತ ಮೇಲೆ ಅವರ ದಾರಿಯೂ ಸತ್ತಿತು. ಎರಡೂ ರಾಜ್ಯಗಳ ಕಾರ್ಯಪಡೆಗಳು ಹಳ್ಳಿಗಳ ಮೇಲೆ ಎರಗಿದವು. ಟಾಡಾ ಅಡಿ ಹಿಡಿದು ತಂದವರಲ್ಲಿ ಎಷ್ಟೋ ಜನ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತು, ಕೊನೆಗೆ ನಿರ್ದೋಷಿ ಅನ್ನಿಸಿಕೊಂಡು ಹೊರಬಂದರು. ಹಿಂಸೆ, ಅತ್ಯಾಚಾರದ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ಮಾಡಬೇಕಾಯಿತು. ಇಷ್ಟೆಲ್ಲ ಆದರೂ ವೀರಪ್ಪನ್ ಸಿಕ್ಕನೇ? 1997ರಲ್ಲಿ ನಮ್ಮ ಬಂಡೀಪುರದ ಅಂಚಿನಿಂದ ಕೃಪಾಕರ ಮತ್ತು ಸೇನಾನಿಯನ್ನು ಹೊತ್ತೊಯ್ದ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಕರೆದೊಯ್ದು 108 ದಿನ ಇಟ್ಟುಕೊಂಡ. 2002ರಲ್ಲಿ ಕಾಮಗೆರೆಯಿಂದ ಅಪಹರಿಸಿದ ಮಾಜಿ ಸಚಿವ ನಾಗಪ್ಪ ಹೆಣವಾಗಿ ಸಿಕ್ಕರು. ಅವನು ಸತ್ತದ್ದು 2004ರ ಅಕ್ಟೋಬರ್ 18ರಂದು, ಶ್ರೀನಿವಾಸ್ ಸತ್ತು ಹೆಚ್ಚುಕಡಿಮೆ 13 ವರ್ಷಕ್ಕೆ. ಅದೂ ಕಾಡಿನ ಕಾಳಗದಲ್ಲಲ್ಲ. ಒಳಗೆ ಜನ ಬಿಟ್ಟು, ನಂಬಿಸಿ, ಆಂಬುಲೆನ್ಸ್ ಹತ್ತಿಸಿ ಕಾಡಿನಿಂದ ಹೊರಗೆ ತಂದ ಮೇಲೆ.

ಶ್ರೀನಿವಾಸ್ ತಪ್ಪೇ ಮಾಡಲಿಲ್ಲ ಅಂತ ನಾನು ಹೇಳಲ್ಲ. ಅರ್ಜುನನನ್ನು ನಂಬಿದ್ದು ತಪ್ಪು. ಹಿಂದೆ ಯಾರನ್ನೂ ಕಾವಲಿಗೆ ಇಡದೆ ಹೋದದ್ದು ತಪ್ಪು. ಊರನ್ನು ಗೆದ್ದವನಿಗೆ ವೀರಪ್ಪನ್‌ನನ್ನೂ ಗೆಲ್ಲಬಹುದು ಅನ್ನಿಸಿತ್ತೇನೋ. ಎರಡೂ ಬೇರೆ ಬೇರೆ ಅಂತ ಅವರಿಗೆ ಯಾರಾದರೂ ಹೇಳಬೇಕಿತ್ತು. ಕಾಡು ಕಾಯುವ ವಾಚರ್‌ಗಳಿಗೂ ಕೋಲು ಸಾಕು ಅಂತ ನಾನು ಹೇಳುತ್ತಿಲ್ಲ. ಬಂಡೀಪುರದ ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಕಳೆಯುವ ನಮ್ಮೂರ ಹುಡುಗರಿಗೆ ಒಳ್ಳೆ ಬಂದೂಕೂ ಬೇಕು, ಒಳ್ಳೆ ಬೂಟೂ ಬೇಕು, ತಿಂಗಳು ತಿಂಗಳು ಸಂಬಳವೂ ಬೇಕು. ನಾನು ಹೇಳೋದು ಇಷ್ಟೇ: ಶ್ರೀನಿವಾಸ್‌ನ ಕೊಂದದ್ದು ಪಿಸ್ತೂಲು ಇಲ್ಲದ ಸೊಂಟ ಅಲ್ಲ, ಒಬ್ಬಂಟಿತನ. ಇಡೀ ಸರ್ಕಾರ ಮಾಡಬೇಕಾದ ಕೆಲಸವನ್ನು ಅವರೊಬ್ಬರೇ ಮಾಡುತ್ತಿದ್ದರು. ಹಾಗಾಗಿ ಅವರೊಬ್ಬರನ್ನು ತೆಗೆದರೆ ಕೆಲಸವೇ ನಿಲ್ಲುತ್ತೆ ಅಂತ ಕೊಲೆಗಾರನಿಗೆ ಗೊತ್ತಿತ್ತು. ನಿಂತೂ ಹೋಯಿತು.

ಇದು ನನಗೂ ಅನ್ವಯಿಸುತ್ತೆ. ಕಲಬುರ್ಗಿಯವರನ್ನು 2015ರಲ್ಲಿ ಕೊಂದದ್ದು ಮನೆ ಬಾಗಿಲಲ್ಲಿ. ಗೌರಿ ಲಂಕೇಶ್ ಅವರನ್ನು 2017ರಲ್ಲಿ ಕೊಂದದ್ದೂ ಮನೆ ಮುಂದೆಯೇ. ಅಲ್ಲಿ ಸೊಂಟಕ್ಕೆ ಕೈಹೋಗುವಷ್ಟು ಹೊತ್ತು ಯಾರು ಕೊಡುತ್ತಾರೆ? ಕ್ವಾರಿ ವಿಷಯ ಗೊತ್ತಿರೋದು ನನಗೊಬ್ಬನಿಗೇ ಆದರೆ ನನ್ನ ಸೊಂಟದಲ್ಲಿ ಎಂಥ ಹೊಸ ಪಿಸ್ತೂಲಿದ್ದರೂ ಅಷ್ಟೇ. ಅದೇ ವಿಷಯ ಹತ್ತು ಜನಕ್ಕೆ ಗೊತ್ತಿದ್ದರೆ, ಹತ್ತು ಜನ ಬರೆದರೆ, ನನ್ನನ್ನು ಹೆದರಿಸಿ ಯಾರಿಗೇನು ಲಾಭ?

ಹೋದ ತಿಂಗಳು ಗೋಪಿನಾಥಂಗೆ ಹೋಗಿ ಬಂದೆ. ಹಂಗಳದಿಂದ ಬಸ್ಸಲ್ಲಿ ಹೋದರೆ ಒಂದು ಹಗಲು ಬೇಕು. ಕೊಳ್ಳೇಗಾಲ, ಮಾದಪ್ಪನ ಬೆಟ್ಟ, ಪಾಲಾರ್ ದಾಟಿ ಹೋಗಬೇಕು. ಶ್ರೀನಿವಾಸ್ ಓಡಿಸುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ರಿಪೇರಿ ಮಾಡಿಸಿ ಅಲ್ಲಿ ಇಟ್ಟಿದೆ. ಮಾರಿಯಮ್ಮನ ಗುಡಿಯಲ್ಲಿ ಅವರ ಫೋಟೊ ಇದೆ, ಅದಕ್ಕೂ ಹೂವು ಹಾಕುತ್ತಾರೆ. ವೀರಪ್ಪನ್ ಹುಟ್ಟಿದ ಊರಿನಲ್ಲಿ ಪೂಜೆ ಆಗೋದು ಅವನು ಕೊಂದವನಿಗೆ. ಇಂಥ ಊರಿನ ಮೇಲೂ ಅನುಮಾನಪಟ್ಟು ಬಂದೂಕು ಹಿಡಿದು ನುಗ್ಗಿದರಲ್ಲ ಅನ್ನಿಸಿ ಹೊಟ್ಟೆ ಉರಿಯಿತು.

ವಾಪಸ್ ಬಂದು ದೊಡ್ಡಪ್ಪನಿಗೆ ಆಗಲ್ಲ ಅಂದೆ. ವಾರಸುದಾರನಾಗಿ ಸಹಿ ಹಾಕಲಿಲ್ಲ. ಬದಲಿಗೆ ಮಾಡಿದ್ದು ಇಷ್ಟು: ಬಂದ ಫೋನ್ ನಂಬರು, ದಿನಾಂಕ, ಹೊತ್ತು ಎಲ್ಲ ಬರೆದು ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದೆ. ಕ್ವಾರಿಯ ಕಾಗದಪತ್ರ ಎಲ್ಲವನ್ನೂ ಬೇರೆ ಬೇರೆ ಊರಿನ ಐದು ಗೆಳೆಯರಿಗೆ ಕಳಿಸಿದೆ. ರಾತ್ರಿ ಒಬ್ಬನೇ ಬೈಕ್ ಓಡಿಸೋದು ಬಿಟ್ಟೆ. ಕ್ವಾರಿ ಪಕ್ಕದ ಹೊಲದವರನ್ನು ಕೂರಿಸಿಕೊಂಡು ಮಾತಾಡಿದೆ. ಮುಂದಿನ ಅರ್ಜಿ ಹೋಗುವುದು ನನ್ನೊಬ್ಬನ ಹೆಸರಲ್ಲಲ್ಲ, 14 ಜನರ ಸಹಿಯಲ್ಲಿ.

ಹೆದರಿಕೆ ಹೋಗಿದೆ ಅಂತ ಸುಳ್ಳು ಹೇಳಲ್ಲ. ಹಿಂದೆ ಬೈಕ್ ಸದ್ದು ಕೇಳಿದರೆ ಈಗಲೂ ಬೆನ್ನು ತಣ್ಣಗಾಗುತ್ತೆ. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ದಿನ ಆಯಿತು. ಆದರೆ ನಿನ್ನೆ, ಅರ್ಜಿಗೆ ಸಹಿ ಮಾಡಿದವರ ಪಟ್ಟಿ ಎಲ್ಲಿ ಅಂತ ದೊಡ್ಡಮ್ಮನ ಕೈಲಿ ಕೇಳಿ ಕಳಿಸಿದರು. ಈಗ ಆ ಪಟ್ಟಿಯಲ್ಲಿ 15 ಹೆಸರಿವೆ.