ವಿಶ್ವವಿದ್ಯಾಲಯಕ್ಕೆ ಬುದ್ಧಿ ಹೇಳಿದ ಅರಸನ ವಕೀಲ: ಸಂತ ಥಾಮಸ್ ಮೋರ್

ಪ್ರತಿವರ್ಷ ಜೂನ್ 22ರಂದು ಧರ್ಮಸಭೆಯು ಇಬ್ಬರು ಆಂಗ್ಲ ರಕ್ತಸಾಕ್ಷಿಗಳನ್ನು ಒಟ್ಟಿಗೆ ಸ್ಮರಿಸುತ್ತದೆ. ಒಬ್ಬರು ಕೇಂಬ್ರಿಜ್ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದ ಧರ್ಮಾಧ್ಯಕ್ಷ ಸಂತ ಜಾನ್ ಫಿಶರ್. ಮತ್ತೊಬ್ಬರು ನಾಲ್ಕು ಮಕ್ಕಳ ತಂದೆ, ನ್ಯಾಯವಾದಿ, ರಾಜ್ಯದ ಲಾರ್ಡ್ ಚಾನ್ಸಲರ್ ಆಗಿದ್ದ ಸಂತ ಥಾಮಸ್ ಮೋರ್. ಅರಸನ ಎರಡನೆಯ ಮದುವೆಗೆ ತಲೆದೂಗದೆ ತಲೆಯನ್ನೇ ಕೊಟ್ಟವರೆಂದು ಮೋರ್ ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರು ಅರಸನ ಸೇವೆಯಲ್ಲಿದ್ದ ವಕೀಲರಾಗಿ ವಿಶ್ವವಿದ್ಯಾಲಯಕ್ಕೆ ಹಿತವಚನ ಹೇಳಿದ್ದರು, ಎರಡು ವಿಶ್ವವಿದ್ಯಾಲಯಗಳ ನ್ಯಾಯಾಧಿಕಾರಿಯೂ ಆಗಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರ ಬಾಳಿನ ಕೊನೆಯ ಪರೀಕ್ಷೆಯ ಬೀಜ ಅಲ್ಲಿಯೇ ಇದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾಮಸ್ ಮೋರ್ 1478ರ ಫೆಬ್ರವರಿ 7ರಂದು ಲಂಡನ್ ನಗರದ ಮಿಲ್ಕ್ ಸ್ಟ್ರೀಟಿನಲ್ಲಿ ಜನಿಸಿದರು. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಸಂತ ಅಂತೋಣಿಯವರ ಹೆಸರಿನ ಶಾಲೆಯಲ್ಲಿ ಲ್ಯಾಟಿನ್ ಕಲಿತ ಬಾಲಕನನ್ನು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನ್ ತಮ್ಮ ಲ್ಯಾಂಬೆತ್ ಅರಮನೆಯಲ್ಲಿ ಸೇವಕನಾಗಿ ಇರಿಸಿಕೊಂಡರು. ಊಟದ ಮೇಜಿನ ಬಳಿ ನಿಂತಿರುತ್ತಿದ್ದ ಆ ಹುಡುಗನ ಚುರುಕುತನವನ್ನು ಗಮನಿಸಿ ಅವನನ್ನು ಆಕ್ಸ್‌ಫರ್ಡಿಗೆ ಕಳುಹಿಸಿದವರೂ ಅವರೇ.

ಆಕ್ಸ್‌ಫರ್ಡಿನಲ್ಲಿ ಮೋರ್ ಕಳೆದದ್ದು ಸುಮಾರು ಎರಡೇ ವರ್ಷ. ತಂದೆ ಕೈಖರ್ಚಿಗೆ ಹೆಚ್ಚು ಹಣ ಕೊಡುತ್ತಿರಲಿಲ್ಲ. ಮಗ ವಕೀಲನಾಗಬೇಕೆಂಬುದು ಅವರ ಆಸೆ. ಹಾಗಾಗಿ ಪದವಿ ಪಡೆಯುವ ಮೊದಲೇ ಮಗನನ್ನು ಲಂಡನ್ನಿಗೆ ಕರೆಸಿಕೊಂಡು ನ್ಯೂ ಇನ್ನಿನಲ್ಲಿಯೂ 1496ರಲ್ಲಿ ಲಿಂಕನ್ಸ್ ಇನ್ನಿನಲ್ಲಿಯೂ ಕಾನೂನು ಶಿಕ್ಷಣಕ್ಕೆ ಸೇರಿಸಿದರು. ಮೋರ್ ತಂದೆಯ ಮಾತನ್ನು ಮೀರಲಿಲ್ಲ, ವಿದ್ಯೆಯನ್ನೂ ಬಿಡಲಿಲ್ಲ. ವಕೀಲಿ ಕಲಿಯುತ್ತಲೇ ಗ್ರೋಸಿನ್ ಮತ್ತು ಲಿನಾಕರ್ ಎಂಬ ಪಂಡಿತರಿಂದ ಗ್ರೀಕ್ ಕಲಿತರು. ಸಂತ ಅಗಸ್ಟಿನರ ದೇವನಗರಿ ಎಂಬ ಮಹಾಕೃತಿಯನ್ನು ಕುರಿತು ಲಂಡನ್ನಿನ ಒಂದು ದೇವಾಲಯದಲ್ಲಿ ಉಪನ್ಯಾಸಗಳನ್ನಿತ್ತರು. ಕಾರ್ತೂಸಿಯನ್ ಸನ್ಯಾಸಿಗಳ ಮಠದ ನೆರಳಿನಲ್ಲಿ ಸುಮಾರು ನಾಲ್ಕು ವರ್ಷ ಜಪತಪಗಳಲ್ಲಿ ಬಾಳಿ, ಕಡೆಗೆ ತಮ್ಮ ಕರೆ ಸಂಸಾರ ಜೀವನಕ್ಕೆಂದು ನಿಶ್ಚಯಿಸಿದರು. ಜೇನ್ ಕೋಲ್ಟ್ ಅವರನ್ನು ವರಿಸಿದರು. ಮಾರ್ಗರೆಟ್, ಎಲಿಜಬೆತ್, ಸಿಸಿಲಿ, ಜಾನ್ ಎಂಬ ನಾಲ್ವರು ಮಕ್ಕಳಾದರು. 1511ರಲ್ಲಿ ಜೇನ್ ತೀರಿಕೊಂಡಾಗ ಎಳೆಯ ಮಕ್ಕಳಿಗಾಗಿ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್ ಕಲಿಸಿದ ಮನೆ ಅದು. ಹಿರಿಯ ಮಗಳು ಮಾರ್ಗರೆಟಳ ಪಾಂಡಿತ್ಯ ಇಡೀ ದೇಶದಲ್ಲಿ ಹೆಸರಾಯಿತು.

1510ರಲ್ಲಿ ಮೋರ್ ಲಂಡನ್ನಿನ ಅಂಡರ್ ಶೆರಿಫ್ ಆದರು. ನಗರದ ಅಧಿಕಾರಿಗಳಿಗೆ ಕಾನೂನು ಸಲಹೆ ನೀಡುವುದೂ ಸಾಮಾನ್ಯ ಜನರ ವ್ಯಾಜ್ಯಗಳನ್ನು ತೀರ್ಮಾನಿಸುವುದೂ ಆ ಹುದ್ದೆಯ ಕೆಲಸ. ಕಕ್ಷಿದಾರರಿಂದ ಬರಬೇಕಾದ ಶುಲ್ಕವನ್ನು ಅವರು ಅನೇಕ ಬಾರಿ ಬಿಟ್ಟುಕೊಡುತ್ತಿದ್ದರು. ಇಂತಹ ವಕೀಲನ ಮೇಲೆ ಅರಸ ಎಂಟನೆಯ ಹೆನ್ರಿಯ ಕಣ್ಣು ಬಿದ್ದುದರಲ್ಲಿ ಆಶ್ಚರ್ಯವಿಲ್ಲ. 1518ರ ಹೊತ್ತಿಗೆ ಮೋರ್ ಅರಸನ ಮಂತ್ರಾಲೋಚನಾ ಸಭೆಯ ಸದಸ್ಯರಾಗಿದ್ದರು.

ಆಕ್ಸ್‌ಫರ್ಡಿಗೆ ಬರೆದ ಪತ್ರ

ಅಂದಿನ ಆಕ್ಸ್‌ಫರ್ಡ್ ಇಂದಿನ ಸರ್ಕಾರಿ ವಿಶ್ವವಿದ್ಯಾಲಯಗಳಂತೆ ಇರಲಿಲ್ಲ. ಯಾಜಕರೇ ನಡೆಸುತ್ತಿದ್ದ, ಆದರೆ ಅರಸರ ಸನ್ನದುಗಳಿಂದ ತನ್ನ ಹಕ್ಕುಗಳನ್ನು ಪಡೆದಿದ್ದ ಸಂಸ್ಥೆ ಅದು. ಅರಸನ ಕೃಪೆ ತಪ್ಪಿದರೆ ಹಕ್ಕುಗಳಿಗೂ ಕುತ್ತು ಬರುತ್ತಿತ್ತು. 1517ರಲ್ಲಿ ಧರ್ಮಾಧ್ಯಕ್ಷ ರಿಚರ್ಡ್ ಫಾಕ್ಸ್ ಅಲ್ಲಿ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು ಸ್ಥಾಪಿಸಿ ಗ್ರೀಕ್ ಬೋಧನೆಗೆ ವ್ಯವಸ್ಥೆ ಮಾಡಿದರು. ಹಳೆಯ ಪಂಡಿತರಲ್ಲಿ ಕೆಲವರಿಗೆ ಇದು ಸಹನೆಯಾಗಲಿಲ್ಲ. ಗ್ರೀಕರ ವೈರಿಗಳೆಂದು ತೋರಿಸಿಕೊಳ್ಳಲು ತಮ್ಮನ್ನು ಟ್ರೋಜನ್ನರೆಂದು ಕರೆದುಕೊಂಡು, ಪ್ರಿಯಾಮ್, ಹೆಕ್ಟರ್ ಮುಂತಾದ ಹೆಸರುಗಳನ್ನಿಟ್ಟುಕೊಂಡು, ಗ್ರೀಕ್ ಕಲಿಯುವ ಯುವಕರನ್ನು ಬೀದಿಬೀದಿಯಲ್ಲಿ ಹೀಯಾಳಿಸತೊಡಗಿದರು. ಒಬ್ಬ ಬೋಧಕರಂತೂ ತಪಸ್ಸುಕಾಲದ ಪ್ರಬೋಧನೆಯಲ್ಲಿ ಗ್ರೀಕ್ ಭಾಷೆಯನ್ನಷ್ಟೇ ಅಲ್ಲ, ಎಲ್ಲ ಲೌಕಿಕ ವಿದ್ಯೆಯನ್ನೂ ಖಂಡಿಸಿದರು.

ಆಗ ರಾಜಪರಿವಾರ ಆಕ್ಸ್‌ಫರ್ಡಿಗೆ ಕೆಲವೇ ಮೈಲಿ ದೂರದ ಅಬಿಂಗ್ಡನ್ನಿನಲ್ಲಿ ಬೀಡುಬಿಟ್ಟಿತ್ತು. ಸುದ್ದಿ ಅಲ್ಲಿಗೆ ಮುಟ್ಟಿತು. 1518ರ ಮಾರ್ಚ್ 29ರಂದು ಮೋರ್ ಅಲ್ಲಿಂದಲೇ ವಿಶ್ವವಿದ್ಯಾಲಯದ ಹಿರಿಯರಿಗೆ ಲ್ಯಾಟಿನ್ನಿನಲ್ಲಿ ಒಂದು ದೀರ್ಘ ಪತ್ರ ಬರೆದರು. ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ, ಪ್ರಾಚೀನ ಧರ್ಮಪಿತೃಗಳಲ್ಲಿ ಹಲವರು ಬರೆದದ್ದು ಗ್ರೀಕಿನಲ್ಲಿ. ಅದನ್ನು ತಿರಸ್ಕರಿಸಿ ದೈವಶಾಸ್ತ್ರ ಕಲಿಯುವುದು ಹೇಗೆಂದು ಕೇಳಿದರು. ಕೇಂಬ್ರಿಜಿನಲ್ಲಿ ಗ್ರೀಕ್ ಕಲಿಯದವರೂ ಆ ಅಧ್ಯಾಪಕನ ಸಂಬಳಕ್ಕೆ ತಮ್ಮ ಪಾಲು ಕೊಡುತ್ತಿರುವುದನ್ನು ನೆನಪಿಸಿದರು. ಕೊನೆಗೆ ಪತ್ರದ ತಿರುಳನ್ನು ಮುಂದಿಟ್ಟರು. ವಿಶ್ವವಿದ್ಯಾಲಯ ತನ್ನ ಮನೆಯ ಜಗಳವನ್ನು ತಾನೇ ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ಕುಲಾಧಿಪತಿ ಮಹಾಧರ್ಮಾಧ್ಯಕ್ಷ ವಾರ್‌ಹಮ್, ಕಾರ್ಡಿನಲ್ ವುಲ್ಸಿ ಮತ್ತು ಸ್ವತಃ ಅರಸ ಇದನ್ನು ನೋಡುತ್ತ ಸುಮ್ಮನಿರಲಾರರು ಎಂದು ಎಚ್ಚರಿಸಿದರು.

ಈ ಸಲಹೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ಅರಸನ ಅಧಿಕಾರ ಮೋರ್ ಅವರ ಬೆನ್ನಿಗಿತ್ತು. ಆಜ್ಞೆ ಹೊರಡಿಸುವಂತೆ ಅರಸನಿಗೆ ಹೇಳುವುದು ಸುಲಭವಿತ್ತು. ಅವರು ಮೊದಲು ಮನವೊಲಿಸುವ ದಾರಿ ಹಿಡಿದರು. ಹೊರಗಿನ ಕೈ ಒಳಗೆ ಬರುವ ಮುನ್ನ ನಿಮ್ಮ ಸ್ವಾತಂತ್ರ್ಯವನ್ನು ನೀವೇ ಕಾಪಾಡಿಕೊಳ್ಳಿ ಎಂಬುದು ಅವರ ಹಿತವಚನದ ಸಾರ. ಒಳ್ಳೆಯ ವಕೀಲ ಮಾಡುವುದು ಇದನ್ನೇ. ಕಕ್ಷಿದಾರನಿಗೆ ಪ್ರಿಯವಾದದ್ದನ್ನಲ್ಲ, ಹಿತವಾದದ್ದನ್ನು, ವೇಳೆ ಮೀರುವ ಮೊದಲು ಹೇಳುತ್ತಾನೆ.

ಇದಾದ ಆರು ವರ್ಷಕ್ಕೆ, 1524ರಲ್ಲಿ, ಆಕ್ಸ್‌ಫರ್ಡ್ ಅವರನ್ನು ತನ್ನ ಹೈ ಸ್ಟೀವರ್ಡ್ ಆಗಿ ಆರಿಸಿತು. 1525ರಲ್ಲಿ ಕೇಂಬ್ರಿಜ್ ಕೂಡ ಅದೇ ಪದವಿಯನ್ನಿತ್ತಿತು. ವಿಶ್ವವಿದ್ಯಾಲಯದ ಸದಸ್ಯರ ಮೇಲೆ ಘೋರ ಅಪರಾಧದ ಆರೋಪ ಬಂದಾಗ ವಿಶ್ವವಿದ್ಯಾಲಯದ ಪರವಾಗಿ ವಿಚಾರಣೆ ನಡೆಸುವ ಅಧಿಕಾರ ಈ ಪದವಿಗೆ ಸೇರಿತ್ತು. ಪದವಿಯನ್ನೇ ಪಡೆಯದೆ ಕಾಲೇಜು ಬಿಟ್ಟ ಹುಡುಗ ಹೀಗೆ ದೇಶದ ಎರಡೂ ವಿಶ್ವವಿದ್ಯಾಲಯಗಳ ಹಕ್ಕುಗಳ ಕಾವಲುಗಾರನಾದ.

ವಿದ್ವಾಂಸರ ಅಭಿಪ್ರಾಯ ಮತ್ತು ಅರಸನ ಇಚ್ಛೆ

1529ರ ಅಕ್ಟೋಬರಿನಲ್ಲಿ ಕಾರ್ಡಿನಲ್ ವುಲ್ಸಿಯವರ ಪತನದ ಬಳಿಕ ಮೋರ್ ಲಾರ್ಡ್ ಚಾನ್ಸಲರ್ ಆದರು. ಆ ವೇಳೆಗೆ ಹೆನ್ರಿ ರಾಣಿ ಕ್ಯಾಥರೀನಳೊಡನೆ ತನಗಾದ ಮದುವೆ ಅಸಿಂಧುವೆಂದು ಸಾರಿಸಿಕೊಂಡು ಆ್ಯನ್ ಬೋಲಿನಳನ್ನು ವರಿಸಲು ಹೊರಟಿದ್ದನು. ರೋಮಿನಿಂದ ಒಪ್ಪಿಗೆ ಬರಲಿಲ್ಲ. ಆಗ ಯುರೋಪಿನ ವಿಶ್ವವಿದ್ಯಾಲಯಗಳ ಅಭಿಪ್ರಾಯ ಕೇಳುವ ಉಪಾಯ ಹೂಡಲಾಯಿತು. ಕೇಳುವುದೇನೋ ಅಭಿಪ್ರಾಯ, ಬೇಕಾಗಿದ್ದುದು ಮಾತ್ರ ಒಂದೇ ಉತ್ತರ.

1530ರಲ್ಲಿ ಕೇಂಬ್ರಿಜಿನಲ್ಲಿ ಅರಸನ ಕಡೆಯವರು ಬಹಳ ಪ್ರಯಾಸದಿಂದ ತಮಗೆ ಬೇಕಾದ ನಿರ್ಣಯ ಪಡೆದರು. ಆಕ್ಸ್‌ಫರ್ಡಿನಲ್ಲಿ ತರುಣ ಅಧ್ಯಾಪಕರು ಎದುರು ನಿಂತರು. ಅರಸನಿಂದ ಗದರಿಕೆಯ ಪತ್ರಗಳು ಬಂದವು. ಊರಿನ ಹೆಂಗಸರು ಅರಸನ ಪ್ರತಿನಿಧಿಗಳ ಮೇಲೆ ಕಲ್ಲು ತೂರಿದರು. ಕಡೆಗೆ ತರುಣರನ್ನು ಹೊರಗಿಟ್ಟು, ಆಯ್ದ ಕೆಲವರ ಸಮಿತಿಯ ಮೂಲಕ ಏಪ್ರಿಲ್ ತಿಂಗಳಲ್ಲಿ ನಿರ್ಣಯ ಪಡೆಯಲಾಯಿತು. ಹೊರದೇಶಗಳಲ್ಲಿ ಪ್ಯಾರಿಸ್, ಬೊಲೊನ್ಯಾ, ಪಾದುವಾ ಮುಂತಾದ ಕಡೆಗಳಿಂದಲೂ ಅನುಕೂಲ ನಿರ್ಣಯಗಳು ಬಂದವು. ಹನ್ನೆರಡು ವರ್ಷಗಳ ಹಿಂದೆ ಮೋರ್ ಹೇಳಿದ್ದ ಎಚ್ಚರಿಕೆ ಈಗ ಬೇರೊಂದು ರೂಪದಲ್ಲಿ ನಿಜವಾಗಿತ್ತು. ಹೊರಗಿನ ಕೈ ಒಳಗೆ ಬಂದಿತ್ತು. ಅದು ಬಂದದ್ದು ವಿದ್ಯೆಯನ್ನು ಕಾಯಲು ಅಲ್ಲ.

ಮನಸ್ಸು ಒಪ್ಪಿದವರನ್ನು ಮಾತ್ರ ಈ ಕೆಲಸಕ್ಕೆ ಬಳಸುವುದಾಗಿ ಹೆನ್ರಿ ಮೋರ್ ಅವರಿಗೆ ಭರವಸೆಯಿತ್ತಿದ್ದನು. ಆದರೂ 1531ರ ಮಾರ್ಚ್ ತಿಂಗಳಲ್ಲಿ ಆ ನಿರ್ಣಯಗಳನ್ನು ಸಂಸತ್ತಿನ ಮುಂದಿಡುವ ಕೆಲಸ ಚಾನ್ಸಲರ್ ಎಂಬ ಕಾರಣಕ್ಕೆ ಅವರ ಪಾಲಿಗೇ ಬಂತು. ಅವರು ಅದನ್ನು ನೆರವೇರಿಸಿದರು. ಅವರ ಸ್ವಂತ ಅಭಿಪ್ರಾಯವೇನೆಂದು ಕೇಳಿದಾಗ, ಅದನ್ನು ಅರಸನಿಗೆ ಅನೇಕ ಬಾರಿ ತಿಳಿಸಿರುವುದಾಗಿ ಹೇಳಿ ಸುಮ್ಮನಾದರು. ಹುದ್ದೆಯ ಕರ್ತವ್ಯಕ್ಕೂ ಅಂತಃಸಾಕ್ಷಿಗೂ ನಡುವಿನ ಸಂದು ಎಷ್ಟು ಕಿರಿದಾಗಿತ್ತೆಂಬುದನ್ನು ಆ ಒಂದು ಗಳಿಗೆ ತೋರಿಸುತ್ತದೆ. 1532ರ ಮೇ 15ರಂದು ಯಾಜಕವರ್ಗ ಅರಸನಿಗೆ ಶರಣಾಯಿತು. ಮರುದಿನವೇ ಮೋರ್ ರಾಜಮುದ್ರೆಯನ್ನು ಹಿಂದಿರುಗಿಸಿದರು.

ಅವರ ಕುಂದನ್ನೂ ನಾವು ಮರೆಮಾಚಬಾರದು. ಅವರು ಚಾನ್ಸಲರ್ ಆಗಿದ್ದಾಗ ಪಾಷಂಡಮತದ ಆರೋಪದ ಮೇಲೆ ಆರು ಮಂದಿಯನ್ನು ಸುಡಲಾಯಿತು. ಅವರ ಬೇಟೆಯಲ್ಲಿ ಮೋರ್ ಅವರ ಕೈಯೂ ಇತ್ತು. ಈ ವಿಷಯದಲ್ಲಿ ಅವರು ತಮ್ಮ ಕಾಲದ ಮಿತಿಯನ್ನು ಮೀರಲಿಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲ್ ಅವರೂ ಒಪ್ಪಿಕೊಂಡಿದ್ದಾರೆ. ಸಂತರೂ ಮನುಷ್ಯರೇ. ಇತರರ ಅಂತಃಸಾಕ್ಷಿಗೆ ಅವರು ಕೊಡದ ಅವಕಾಶವನ್ನು ಮುಂದೆ ತಮ್ಮ ಅಂತಃಸಾಕ್ಷಿಗಾಗಿ ಬೇಡಬೇಕಾದ ದಿನ ಅವರಿಗೂ ಬಂತು.

ಬಡತನ, ಸೆರೆಮನೆ, ಮರಣ

ಹುದ್ದೆ ಹೋದಾಗ ವರಮಾನವೂ ಹೋಯಿತು. ಮೋರ್ ಮನೆಯವರನ್ನೆಲ್ಲ ಕೂರಿಸಿಕೊಂಡು ನಗುತ್ತಲೇ ಲೆಕ್ಕ ಒಪ್ಪಿಸಿದರು. ತಾವು ಆಕ್ಸ್‌ಫರ್ಡಿನ ಬಡ ಊಟದಿಂದ ಹೊರಟು ನ್ಯೂ ಇನ್, ಲಿಂಕನ್ಸ್ ಇನ್‌ಗಳ ಊಟವನ್ನು ದಾಟಿ ಅರಮನೆಯ ಊಟದವರೆಗೆ ಏರಿದವರು; ಈಗ ಒಂದೊಂದೇ ಮೆಟ್ಟಿಲು ಇಳಿಯೋಣ; ಆಕ್ಸ್‌ಫರ್ಡಿನ ಊಟಕ್ಕೂ ಗತಿಯಿಲ್ಲದಾದರೆ ಜೋಳಿಗೆ ಹಿಡಿದು ಮನೆಮನೆಯ ಮುಂದೆ ಮಾತೆ ಮರಿಯಳ ಸ್ತುತಿ ಹಾಡುತ್ತ ಒಟ್ಟಿಗೆ ಬೇಡೋಣ ಎಂದರು. ಧರ್ಮಾಧ್ಯಕ್ಷರು ಸೇರಿ ಸಂಗ್ರಹಿಸಿದ ಸುಮಾರು 4 ಸಾವಿರ ಪೌಂಡುಗಳನ್ನು ಅವರು ಮುಟ್ಟಲಿಲ್ಲ.

1534ರ ಏಪ್ರಿಲ್ 13ರಂದು ಪ್ರಮಾಣವಚನ ಸ್ವೀಕರಿಸುವಂತೆ ಅವರಿಗೆ ಕರೆ ಬಂತು. ಕರೆ ಬಂದದ್ದು ಅದೇ ಲ್ಯಾಂಬೆತ್ ಅರಮನೆಗೆ. ಬಾಲಕನಾಗಿ ಅವರು ಊಟ ಬಡಿಸಿದ ಮನೆಗೆ. ಸಿಂಹಾಸನದ ಉತ್ತರಾಧಿಕಾರವನ್ನು ಒಪ್ಪಿದರೂ ಪ್ರಮಾಣದ ಒಕ್ಕಣೆಯನ್ನು ಅವರು ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ನಾಲ್ಕು ದಿನಗಳಲ್ಲಿ ಲಂಡನ್ ಗೋಪುರದ ಸೆರೆಮನೆ ಸೇರಿದರು.

1535ರ ಜೂನ್ 12ರಂದು ಸಾಲಿಸಿಟರ್ ಜನರಲ್ ರಿಚರ್ಡ್ ರಿಚ್ ಅವರ ಪುಸ್ತಕಗಳನ್ನು ಒಯ್ಯುವ ನೆವದಲ್ಲಿ ಸೆರೆಮನೆಗೆ ಬಂದನು. ಮಾತಿಗೆಳೆದನು. ಧರ್ಮಸಭೆಯ ಮೇಲಿನ ಅರಸನ ಅಧಿಕಾರವನ್ನು ಮೋರ್ ಅಲ್ಲಗಳೆದರೆಂದು ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಸಾಕ್ಷಿ ನುಡಿದನು. ಅದು ಸುಳ್ಳು ಸಾಕ್ಷಿಯೆಂದು ಮೋರ್ ಮುಖಕ್ಕೇ ಹೇಳಿದರು. ಮೌನವನ್ನು ಕಾನೂನು ಸಮ್ಮತಿಯೆಂದೇ ಎಣಿಸುವುದರಿಂದ ತಮ್ಮ ಮೌನವನ್ನು ದ್ರೋಹವೆನ್ನಲಾಗದೆಂದು ವಾದಿಸಿದರು. ನ್ಯಾಯದರ್ಶಿಗಳು ಕಾಲು ಗಂಟೆಯಲ್ಲಿ ಅಪರಾಧಿಯೆಂದರು. ಹೊಸ ಚಾನ್ಸಲರ್ ಅವಸರದಿಂದ ಶಿಕ್ಷೆ ಸಾರಲು ತೊಡಗಿದಾಗ, ಮೊದಲು ಕೈದಿಗೆ ಹೇಳುವುದೇನಿದೆಯೆಂದು ಕೇಳುವುದು ರೂಢಿಯೆಂದು ಮೋರ್ ನೆನಪಿಸಬೇಕಾಯಿತು. ಆಮೇಲಷ್ಟೇ ಅವರು ಮೌನ ಮುರಿದರು. ಲಂಡನ್ ನಗರ ಇಡೀ ದೇಶದ ಕಾನೂನಿಗೆ ವಿರುದ್ಧವಾಗಿ ಕಾನೂನು ಮಾಡಲಾರದು. ಹಾಗೆಯೇ ಒಂದು ದೇಶ ಇಡೀ ಧರ್ಮಸಭೆಯ ಕಾನೂನನ್ನು ಮೀರಲಾರದು ಎಂದು ವಿವರಿಸಿದರು.

ಜೂನ್ 22ರಂದು ಜಾನ್ ಫಿಶರ್ ಅವರ ಶಿರಚ್ಛೇದವಾಗಿತ್ತು. ಜುಲೈ 6ರಂದು ಮೋರ್ ಅವರ ಸರದಿ. ತಾವು ಅರಸನ ಒಳ್ಳೆಯ ಸೇವಕನೇ, ಆದರೆ ಮೊದಲು ದೇವರ ಸೇವಕನೆಂದು ಸಾರಿ ಅವರು ಕೊಡಲಿಗೆ ತಲೆಯೊಡ್ಡಿದರು.

ನಮಗೆ ಉಳಿದ ಪಾಠ

ಫಿಶರ್ ಅವರ ಸ್ಥಾನದಲ್ಲಿ ಥಾಮಸ್ ಕ್ರಾಮ್‌ವೆಲ್ ಕೇಂಬ್ರಿಜಿನ ಕುಲಾಧಿಪತಿಯಾದನು. 1535ರಲ್ಲಿಯೇ ಅರಸನ ಆಜ್ಞೆಗಳು ವಿಶ್ವವಿದ್ಯಾಲಯಗಳಿಗೆ ಬಂದವು. ಧರ್ಮಸಭೆಯ ಕಾನೂನಿನ ಬೋಧನೆ ನಿಂತಿತು. ಗ್ರೀಕ್ ಉಪನ್ಯಾಸಗಳು ಕಡ್ಡಾಯವಾದವು. ಮೋರ್ 1518ರಲ್ಲಿ ಬಯಸಿದ್ದ ಗ್ರೀಕ್ ವಿದ್ಯೆ ಹೀಗೆ ಪೂರ್ಣವಾಗಿ ದೊರೆಯಿತು. ಅವರು ಬಯಸಿದ್ದ ಸ್ವಾತಂತ್ರ್ಯ ಮಾತ್ರ ಉಳಿಯಲಿಲ್ಲ. ಸುಳ್ಳು ಸಾಕ್ಷಿಯ ಆರೋಪ ಹೊತ್ತ ರಿಚರ್ಡ್ ರಿಚ್ 1547ರಲ್ಲಿ ಲಾರ್ಡ್ ಚಾನ್ಸಲರ್ ಆದನು. ಇಬ್ಬರೂ ಅರಸನ ವಕೀಲರು, ಇಬ್ಬರೂ ಒಂದೇ ಪೀಠಕ್ಕೆ ಏರಿದವರು. ಒಬ್ಬರನ್ನು ಪೋಪ್ ಹನ್ನೊಂದನೆಯ ಪಯಸ್ 1935ರಲ್ಲಿ ಫಿಶರ್ ಅವರೊಡನೆ ಸಂತ ಪದವಿಗೇರಿಸಿದರು. 2000ದ ಅಕ್ಟೋಬರ್ 31ರಂದು ಪೋಪ್ ಎರಡನೆಯ ಜಾನ್ ಪಾಲ್ ರಾಜನೀತಿಜ್ಞರ ಪಾಲಕರೆಂದು ಸಾರಿದರು. ಇನ್ನೊಬ್ಬನ ಹೆಸರು ಇಂದು ಕೇಳಿಬರುವುದು ಮೋರ್ ಅವರ ಕಥೆಯಲ್ಲಿ ಮಾತ್ರ.

ನಮ್ಮ ಮನೆಗಳಲ್ಲಿಯೂ ಕಾನೂನು ಓದುವ ಮಕ್ಕಳಿದ್ದಾರೆ. ನಾಳೆ ಅವರು ಸರ್ಕಾರದ ವಕೀಲರಾಗಬಹುದು, ವಿಶ್ವವಿದ್ಯಾಲಯದ ಕಾನೂನು ಸಲಹೆಗಾರರಾಗಬಹುದು. ಕೊಲೆಗಂಬ ಅವರ ಮುಂದೆ ಬಾರದಿರಲಿ. ಆದರೆ ಮೇಲಿನವರಿಗೆ ಬೇಕಾದ ಅಭಿಪ್ರಾಯವನ್ನು ಬರೆದುಕೊಡುವಂತೆ ಒಂದು ಕಡತ ಒಂದಲ್ಲ ಒಂದು ದಿನ ಅವರ ಮೇಜಿಗೆ ಬಂದೇ ಬರುತ್ತದೆ. ಆ ದಿನ ಅವರ ಲೇಖನಿ ನಡುಗದಿರಬೇಕಾದರೆ ಅಭ್ಯಾಸ ಇಂದೇ, ನಮ್ಮ ಊಟದ ಮೇಜಿನಲ್ಲೇ ಆರಂಭವಾಗಬೇಕು. ಕಡಿಮೆ ಊಟದಲ್ಲಿಯೂ ನಗಬಲ್ಲ ಕುಟುಂಬ ಬೆನ್ನಿಗಿದ್ದುದರಿಂದಲೇ ಮೋರ್ ರಾಜಮುದ್ರೆಯನ್ನು ಹಗುರ ಮನಸ್ಸಿನಿಂದ ಹಿಂದಿರುಗಿಸಬಲ್ಲವರಾದರು. ಅಂತಹ ಬೆಂಬಲವನ್ನು ನಮ್ಮ ಮಕ್ಕಳಿಗೆ ನೀಡುವ ಬಲವನ್ನು ಸಂತ ಥಾಮಸ್ ಮೋರ್ ನಮಗಾಗಿ ದೇವರಲ್ಲಿ ಬೇಡಿಕೊಳ್ಳಲಿ.